ದಿನಾ ಚೂರು ವಿಷ ತಿಂದರೆ ವಿಷ ತಾಗುವುದಿಲ್ಲವೇ? ಗುಲಗಂಜಿ, ಹರಳು ಬೀಜ ಮತ್ತು ಪಾಲ್ ಎರ್ಲಿಕ್ ಬದುಕಿನ ಕಥೆ

ಚಾಣಕ್ಯನು ಚಂದ್ರಗುಪ್ತನಿಗೆ ಗೊತ್ತಾಗದ ಹಾಗೆ ಅವನ ಊಟದಲ್ಲಿ ದಿನಾ ಚೂರು ಚೂರು ವಿಷ ಬೆರೆಸುತ್ತಿದ್ದ, ಹಾಗಾಗಿ ಮುಂದೆ ಯಾವ ವಿಷವೂ ರಾಜನಿಗೆ ತಾಗಲಿಲ್ಲ ಎಂಬ ಕಥೆ ನಮಗೆಲ್ಲ ಗೊತ್ತು. ವಿಷಕನ್ಯೆಯರ ಕಥೆಯೂ ಗೊತ್ತು. ಈ ಕಥೆಗಳ ಬೆನ್ನು ಹತ್ತಿ ಗುಲಗಂಜಿ, ಹರಳು ಬೀಜದಂಥವನ್ನು ಸ್ವಲ್ಪ ಸ್ವಲ್ಪವೇ ತಿಂದರೆ ದೇಹ ಗಟ್ಟಿಯಾಗುತ್ತದೆ ಎಂದು ನಂಬುವವರು ಇಂದಿಗೂ ಇದ್ದಾರೆ. ಇದರಲ್ಲಿ ನಿಜವೆಷ್ಟು, ಸುಳ್ಳೆಷ್ಟು?

ಚಿಕ್ಕ ಉತ್ತರ ಮೊದಲೇ ಹೇಳಿಬಿಡುತ್ತೇವೆ. ಕೆಲವು ಬಗೆಯ ವಿಷಗಳ ಮಟ್ಟಿಗೆ, ಪ್ರಯೋಗಾಲಯದ ಇಲಿಗಳಲ್ಲಿ, ಇದು ನಿಜವೆಂದು ತೋರಿಸಿದವರಿದ್ದಾರೆ. ಮನೆಯಲ್ಲಿ ಮಾಡಿ ನೋಡಿದರೆ ಮಾತ್ರ ಪ್ರಾಣ ಹೋಗಬಹುದು. ಹೀಗೇಕೆ ಎಂದು ಸರಿಯಾಗಿ ಅರ್ಥವಾಗಬೇಕಾದರೆ ಜರ್ಮನಿಯ ಒಬ್ಬ ವೈದ್ಯರ ಬದುಕನ್ನು ತಿಳಿಯಬೇಕು. ನಮ್ಮ ಜೀವಕೋಶಗಳು ಹೊರಗಿನ ವಸ್ತುವನ್ನು ಹೇಗೆ ಹಿಡಿಯುತ್ತವೆ, ಹೇಗೆ ಒಳಗೆ ಎಳೆದುಕೊಳ್ಳುತ್ತವೆ ಎಂಬ ಪ್ರಶ್ನೆಗೆ ಮೊದಲ ದಾರಿ ತೋರಿಸಿದವರಲ್ಲಿ ಅವರೂ ಒಬ್ಬರು. ಅವರ ಹೆಸರು ಪಾಲ್ ಎರ್ಲಿಕ್.

ಬಣ್ಣದ ಹುಚ್ಚು

ಎರ್ಲಿಕ್ ಹುಟ್ಟಿದ್ದು 1854ರ ಮಾರ್ಚ್ 14ರಂದು, ಸ್ಟ್ರೇಲೆನ್ ಎಂಬ ಸಣ್ಣ ಊರಿನಲ್ಲಿ. ಆಗ ಅದು ಪ್ರಷ್ಯ ರಾಜ್ಯಕ್ಕೆ ಸೇರಿತ್ತು, ಈಗ ಪೋಲೆಂಡ್‌ನಲ್ಲಿದೆ. ಅವರದು ಯಹೂದಿ ಕುಟುಂಬ. ತಾಯಿಯ ಕಡೆಯ ಸಂಬಂಧಿ ಕಾರ್ಲ್ ವೈಗರ್ಟ್ ಇವರಿಗಿಂತ ಒಂಬತ್ತು ವರ್ಷ ದೊಡ್ಡವರು. ಅಂಗಾಂಶದ ತೆಳು ಹೋಳುಗಳಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವ ಕೆಲಸದಲ್ಲಿ ವೈಗರ್ಟ್ ಹೆಸರು ಮಾಡಿದ್ದರು. ಪಾಲ್‌ಗೆ ಬಣ್ಣದ ಹುಚ್ಚು ಹತ್ತಿಸಿದವರೂ ಅವರೇ.

ಆ ಕಾಲದಲ್ಲಿ ಜರ್ಮನಿಯ ಕಾರ್ಖಾನೆಗಳು ಬಟ್ಟೆಗೆ ಹಾಕಲು ಹೊಸ ಹೊಸ ಕೃತಕ ಬಣ್ಣಗಳನ್ನು ತಯಾರಿಸುತ್ತಿದ್ದವು. ವೈದ್ಯಕೀಯ ಓದುತ್ತಿದ್ದ ಎರ್ಲಿಕ್ ಅವೇ ಬಣ್ಣಗಳನ್ನು ತಂದು ಜೀವಕೋಶಗಳ ಮೇಲೆ ಹಾಕಿ ನೋಡುತ್ತಿದ್ದರು. ಅವರು ಕೂರುತ್ತಿದ್ದ ಮೇಜೆಲ್ಲ ಬಣ್ಣದ ಕಲೆಗಳಿಂದ ತುಂಬಿರುತ್ತಿತ್ತು. 1878ರಲ್ಲಿ ಲೈಪ್‌ಜಿಗ್‌ನಲ್ಲಿ ಅವರು ಡಾಕ್ಟರ್ ಪದವಿ ಪಡೆದ ಪ್ರಬಂಧದ ವಿಷಯವೂ ಬಣ್ಣ ಹಾಕುವ ವಿದ್ಯೆಯೇ.

ಇದರಲ್ಲಿ ಅಂಥ ವಿಶೇಷವೇನು? ಒಂದೇ ಬಣ್ಣದ ದ್ರಾವಣದಲ್ಲಿ ಮುಳುಗಿಸಿದರೂ ಎಲ್ಲ ಕೋಶಗಳೂ ಒಂದೇ ರೀತಿ ಬಣ್ಣ ಹಿಡಿಯುತ್ತಿರಲಿಲ್ಲ. ಕೆಲವು ಗಾಢವಾಗಿ ಹಿಡಿಯುತ್ತಿದ್ದವು, ಕೆಲವು ಮುಟ್ಟುತ್ತಲೇ ಇರಲಿಲ್ಲ. ಹೀಗೆ ಬಣ್ಣದ ಆಧಾರದ ಮೇಲೆ ಎರ್ಲಿಕ್ ಮಾಸ್ಟ್ ಕೋಶಗಳನ್ನೂ ಇಯೊಸಿನೊಫಿಲ್‌ಗಳನ್ನೂ ಗುರುತಿಸಿದರು. ಇಂದು ನೀವು ರಕ್ತಪರೀಕ್ಷೆ ಮಾಡಿಸಿದಾಗ ರಿಪೋರ್ಟ್‌ನಲ್ಲಿ ನ್ಯೂಟ್ರೊಫಿಲ್, ಇಯೊಸಿನೊಫಿಲ್, ಬೇಸೊಫಿಲ್ ಎಂದು ಬಿಳಿ ರಕ್ತಕಣಗಳ ಲೆಕ್ಕ ಬರುತ್ತದಲ್ಲ, ಆ ವಿಂಗಡಣೆಯ ಬೇರು ಎರ್ಲಿಕ್‌ರ ಬಣ್ಣದ ಮೇಜಿನಲ್ಲಿದೆ.

ಮುಂದೆ ಅವರು ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣವನ್ನು ಜೀವಂತ ಪ್ರಾಣಿಗೇ ಚುಚ್ಚಿದರು. ಬಣ್ಣ ಮೈಯೆಲ್ಲ ಹರಿದರೂ ನರಗಳು ಮಾತ್ರ ಎದ್ದು ಕಾಣುವಂತೆ ಅದನ್ನು ಹಿಡಿದುಕೊಂಡವು. ಆಗಲೇ ಅವರ ತಲೆಯಲ್ಲಿ ಒಂದು ಪ್ರಶ್ನೆ ಕುಳಿತುಕೊಂಡಿತು. ಒಂದು ವಸ್ತು ದೇಹದೊಳಗೆ ಎಲ್ಲ ಕಡೆ ಹರಿದರೂ ಅದನ್ನು ಹಿಡಿದುಕೊಳ್ಳುವುದು ಕೆಲವೇ ಕೋಶಗಳು. ಆ ಕೋಶಗಳಲ್ಲಿ ಹಿಡಿಯುವ ಕೈ ಯಾವುದು?

ತನ್ನದೇ ಕಫದಲ್ಲಿ ಕಂಡ ಕ್ರಿಮಿ

1882ರ ಮಾರ್ಚ್ 24ರಂದು ಬರ್ಲಿನ್‌ನಲ್ಲಿ ರಾಬರ್ಟ್ ಕಾಕ್ ಕ್ಷಯರೋಗದ ಕ್ರಿಮಿಯನ್ನು ತೋರಿಸಿದಾಗ ಸಭೆಯಲ್ಲಿ ಎರ್ಲಿಕ್ ಕೂಡ ಇದ್ದರು. ಆ ಕ್ರಿಮಿಗೆ ಬಣ್ಣ ಹಿಡಿಸುವುದು ಕಷ್ಟದ ಕೆಲಸವಾಗಿತ್ತು. ಎರ್ಲಿಕ್ ಸ್ವಲ್ಪ ದಿನಗಳಲ್ಲೇ ಇನ್ನೂ ಸುಲಭವಾದ, ಖಚಿತವಾದ ವಿಧಾನ ಕಂಡುಹಿಡಿದರು. ಬಣ್ಣ ಹಾಕಿ ಒಣಗಲು ಒಲೆಯ ಮೇಲಿಟ್ಟಿದ್ದ ಗಾಜಿನ ಪಟ್ಟಿಗಳ ಕೆಳಗೆ ಗೊತ್ತಿಲ್ಲದೆ ಯಾರೋ ಬೆಂಕಿ ಹಚ್ಚಿದ್ದರಿಂದ, ಆ ಶಾಖಕ್ಕೆ ಕ್ರಿಮಿಗಳು ಚೆನ್ನಾಗಿ ಬಣ್ಣ ಹಿಡಿದವು ಎಂಬ ಕಥೆಯೂ ಪ್ರಚಾರದಲ್ಲಿದೆ. ಅದು ಏನೇ ಇರಲಿ, ಆಮ್ಲದಿಂದ ತೊಳೆದರೂ ಕ್ಷಯದ ಕ್ರಿಮಿ ಬಣ್ಣ ಬಿಡುವುದಿಲ್ಲ ಎಂದು ಎರ್ಲಿಕ್ ತೋರಿಸಿದ್ದಂತೂ ನಿಜ. ನಂತರ ಝೀಲ್ ಮತ್ತು ನೀಲ್ಸನ್ ಅದನ್ನು ತಿದ್ದಿ ತೀಡಿದರು. ನಮ್ಮ ಆಸ್ಪತ್ರೆಗಳಲ್ಲಿ ಇಂದಿಗೂ ನಡೆಯುವ ಕಫದ ಸ್ಲೈಡ್ ಪರೀಕ್ಷೆ ಇದೇ ವಂಶದ್ದು.

ಆದರೆ ಆ ಕ್ರಿಮಿ ಎರ್ಲಿಕ್‌ರನ್ನೂ ಬಿಡಲಿಲ್ಲ. ಕೆಲವು ವರ್ಷಗಳ ನಂತರ ಅವರಿಗೆ ಕೆಮ್ಮು ಶುರುವಾಯಿತು. ತಮ್ಮ ಕಫಕ್ಕೆ ತಾವೇ ಬಣ್ಣ ಹಾಕಿ ನೋಡಿದರು. ಕ್ಷಯದ ಕ್ರಿಮಿಗಳು ಕಂಡವು. ಆಗಿನ್ನೂ ಕ್ಷಯಕ್ಕೆ ಔಷಧಿ ಇರಲಿಲ್ಲ, ಒಣ ಹವೆಯೇ ಮದ್ದು. 1888ರಲ್ಲಿ ಅವರು ಹೆಂಡತಿ ಹೆಡ್ವಿಗ್ ಜೊತೆ ಈಜಿಪ್ಟ್‌ಗೆ ಹೋದರು. ಚೇತರಿಸಿಕೊಂಡು ಮರಳಿದಾಗ ಕೈಯಲ್ಲಿ ಕೆಲಸವಿರಲಿಲ್ಲ. ಬರ್ಲಿನ್‌ನಲ್ಲಿ ಒಂದು ಪುಟ್ಟ ಖಾಸಗಿ ಪ್ರಯೋಗಾಲಯ ಮಾಡಿಕೊಂಡು ಕೆಲಸ ಮುಂದುವರಿಸಿದರು. ನಮ್ಮ ಗುಲಗಂಜಿಯ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಈ ವರ್ಷಗಳಲ್ಲೇ.

ಹರಳು ಬೀಜ, ಗುಲಗಂಜಿ, ಬಿಳಿ ಇಲಿ

1890ರಲ್ಲಿ ಎಮಿಲ್ ಬೇರಿಂಗ್ ಮತ್ತು ಜಪಾನಿನ ಕಿತಾಸಾತೊ ಒಂದು ದೊಡ್ಡ ಸಂಗತಿ ತೋರಿಸಿದ್ದರು. ಧನುರ್ವಾಯು ಅಥವಾ ಡಿಫ್ತೀರಿಯಾದ ವಿಷವನ್ನು ತಡೆದುಕೊಳ್ಳುವಂತಾದ ಪ್ರಾಣಿಯ ರಕ್ತದ ತಿಳಿನೀರು, ಅಂದರೆ ಸೀರಮ್, ಮತ್ತೊಂದು ಪ್ರಾಣಿಯನ್ನೂ ಕಾಪಾಡುತ್ತದೆ ಎಂಬುದು ಆ ಸಂಗತಿ. ಆ ಸೀರಮ್‌ನಲ್ಲಿ ವಿಷವನ್ನು ಕಟ್ಟಿಹಾಕುವ ಏನೋ ಇದೆ. ಈಗ ನಾವು ಅದನ್ನು ಪ್ರತಿಕಾಯ ಎನ್ನುತ್ತೇವೆ.

ಎರ್ಲಿಕ್ ಇದನ್ನು ಅಳೆದು ನೋಡಬೇಕೆಂದರು. ಅದಕ್ಕೆ ಅವರು ಆರಿಸಿಕೊಂಡದ್ದು ಎರಡು ಗಿಡಗಳ ವಿಷ. ಹರಳು ಬೀಜದಲ್ಲಿರುವ ರೈಸಿನ್ ಒಂದು, ಗುಲಗಂಜಿಯಲ್ಲಿರುವ ಏಬ್ರಿನ್ ಇನ್ನೊಂದು. ಹೌದು, ನಮ್ಮ ಬೇಲಿಗಳಲ್ಲಿ ಹಬ್ಬುವ, ಅಕ್ಕಸಾಲಿಗರು ಒಂದು ಕಾಲದಲ್ಲಿ ಚಿನ್ನ ತೂಗಲು ಬಳಸುತ್ತಿದ್ದ ಅದೇ ಕೆಂಪು ಕಪ್ಪು ಗುಲಗಂಜಿ.

ಇಲಿಗಳಿಗೆ ಆಹಾರದಲ್ಲಿ ತೀರಾ ಕಡಿಮೆ ರೈಸಿನ್ ಬೆರೆಸಿ ಕೊಟ್ಟು, ದಿನದಿಂದ ದಿನಕ್ಕೆ ಪ್ರಮಾಣ ಏರಿಸುತ್ತಾ ಹೋದರು. ಕೆಲವು ದಿನಗಳಾದ ಮೇಲೆ, ಸಾಮಾನ್ಯ ಇಲಿಯನ್ನು ಕೊಲ್ಲುವ ಪ್ರಮಾಣಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಕೊಟ್ಟರೂ ಆ ಇಲಿಗಳು ಸಾಯಲಿಲ್ಲ. ಚಾಣಕ್ಯನ ಕಥೆ ನಿಜವಾದಂತೆ ಕಂಡಿತಲ್ಲವೇ? ತಡೆಯಿರಿ. ರೈಸಿನ್ ತಡೆದುಕೊಂಡ ಇಲಿಗೆ ಏಬ್ರಿನ್ ಕೊಟ್ಟರೆ ಅದು ಸತ್ತುಹೋಗುತ್ತಿತ್ತು. ಏಬ್ರಿನ್ ತಡೆದುಕೊಂಡ ಇಲಿಗೆ ರೈಸಿನ್ ಕೊಟ್ಟರೂ ಅದೇ ಗತಿ. ಅಂದರೆ ಅಲ್ಲಿ ದೇಹ ಒಟ್ಟಾರೆಯಾಗಿ ಗಟ್ಟಿಯಾಗಿರಲಿಲ್ಲ. ಒಂದು ವಿಷದ ಆಕಾರಕ್ಕೆ ಸರಿಯಾಗಿ ಕೂರುವ ಪ್ರತಿಕಾಯ ಮಾತ್ರ ತಯಾರಾಗಿತ್ತು. ಒಂದು ಬೀಗಕ್ಕೆ ಮಾಡಿಸಿದ ಕೀಲಿ ಇನ್ನೊಂದು ಬೀಗಕ್ಕೆ ಹೊಂದುವುದಿಲ್ಲ, ಹಾಗೆ.

ಇನ್ನೂ ಒಂದು ಮಾತಿದೆ. ರೈಸಿನ್, ಏಬ್ರಿನ್ ಎರಡೂ ಪ್ರೋಟೀನ್‌ಗಳು. ಅಂಥ ದೊಡ್ಡ ಅಣುಗಳಿಗೆ ದೇಹ ಪ್ರತಿಕಾಯ ತಯಾರಿಸಬಲ್ಲದು. ಕಾಸರಕನ ಬೀಜದ ಸ್ಟ್ರಿಕ್ನೀನ್‌ನಂಥ ಸಣ್ಣ ಅಣುವಿನ ವಿಷಗಳಿಗೆ ಈ ರೀತಿ ಪ್ರತಿಕಾಯ ಹುಟ್ಟುವುದಿಲ್ಲ. ಅಂಥವನ್ನು ದಿನಾ ಚೂರು ತಿಂದರೆ ಸಿಗುವುದು ರಕ್ಷಣೆಯಲ್ಲ, ಬರೀ ವಿಷ.

ಎರ್ಲಿಕ್ ಇಲ್ಲಿಗೇ ನಿಲ್ಲಲಿಲ್ಲ. ವಿಷ ತಡೆದುಕೊಳ್ಳುವಂತಾದ ತಾಯಿ ಇಲಿಯ ಮರಿಗಳಿಗೂ ಕೆಲವು ವಾರ ರಕ್ಷಣೆ ಇರುತ್ತಿತ್ತು. ಅದು ಅನುವಂಶೀಯವೇ? ಅವರು ಮರಿಗಳನ್ನು ಅದಲುಬದಲು ಮಾಡಿದರು. ರಕ್ಷಣೆಯಿಲ್ಲದ ತಾಯಿಯ ಮರಿಗಳನ್ನು ರಕ್ಷಣೆಯಿದ್ದ ತಾಯಿಯ ಹತ್ತಿರ ಹಾಲು ಕುಡಿಯಲು ಬಿಟ್ಟರು. ಮರಿಗಳಿಗೆ ರಕ್ಷಣೆ ಬಂತು. ತಂದೆಯಿಂದ ಅದು ಬರುತ್ತಿರಲಿಲ್ಲ. ಅಂದರೆ ರಕ್ತದಲ್ಲಿ ತಯಾರಾದ ಪ್ರತಿಕಾಯವನ್ನೇ ತಾಯಿ ಮರಿಗೆ ದಾಟಿಸುತ್ತಿದ್ದಳು.

ಮನುಷ್ಯರಲ್ಲಿ ಈ ದಾಟಿಸುವ ಕೆಲಸ ಹೆಚ್ಚಾಗಿ ಗರ್ಭದಲ್ಲೇ ಆಗುತ್ತದೆ. ಮಾಸುವಿನ ಕೋಶಗಳೊಳಗೆ ಪ್ರತಿಕಾಯವನ್ನು ಹಿಡಿದು ಮಗುವಿನ ಕಡೆ ಬಿಡುವ ವಿಶೇಷ ರಿಸೆಪ್ಟರ್‌ಗಳಿವೆ. ಗರ್ಭಿಣಿಯರಿಗೆ ಟಿಡಿ ಲಸಿಕೆ ಕೊಡುವುದು ಇದೇ ಕಾರಣಕ್ಕೆ. ತಾಯಿಯ ದೇಹದಲ್ಲಿ ಹುಟ್ಟಿದ ಪ್ರತಿಕಾಯ ಹಸುಗೂಸನ್ನು ಧನುರ್ವಾಯುವಿನಿಂದ ಕಾಯುತ್ತದೆ. ತಾಯಂದಿರ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ಭಾರತ ನಿವಾರಿಸಿದೆ ಎಂದು 2015ರಲ್ಲಿ ಘೋಷಣೆಯಾಯಿತು. ಶುಚಿಯಾದ ಹೆರಿಗೆಯ ಜೊತೆಗೆ ಈ ಲಸಿಕೆಗೂ ಅದರಲ್ಲಿ ದೊಡ್ಡ ಪಾಲಿದೆ.

ಕುದುರೆಯ ಸೀರಮ್‌ಗೆ ಅಳತೆಗೋಲು

ಡಿಫ್ತೀರಿಯಾವನ್ನು ನಮ್ಮಲ್ಲಿ ಗಂಟಲಮಾರಿ ಎನ್ನುತ್ತಾರೆ. ಹೆಸರೇ ಹೇಳುವಂತೆ ಮಕ್ಕಳ ಪಾಲಿಗೆ ಅದು ಮಾರಿಯೇ. ಗಂಟಲಿನಲ್ಲಿ ಬೂದು ಬಣ್ಣದ ಪೊರೆ ಕಟ್ಟಿ ಉಸಿರು ನಿಲ್ಲುತ್ತದೆ. ಉಸಿರು ಉಳಿದರೂ ಕ್ರಿಮಿಯ ವಿಷ ರಕ್ತಕ್ಕೆ ಸೇರಿ ಹೃದಯವನ್ನು ಕೆಡಿಸುತ್ತದೆ. 1890ರ ದಶಕದ ಯುರೋಪಿನಲ್ಲಿ ಅದು ಸಾವಿರಾರು ಮಕ್ಕಳನ್ನು ಕೊಲ್ಲುತ್ತಿತ್ತು. ಕುದುರೆಗಳಿಗೆ ವಿಷವನ್ನು ಸ್ವಲ್ಪ ಸ್ವಲ್ಪವಾಗಿ ಚುಚ್ಚಿ, ಅವುಗಳ ರಕ್ತದಿಂದ ತೆಗೆದ ಸೀರಮ್ ಆಗ ಮಾರುಕಟ್ಟೆಗೆ ಬಂತು. ಆದರೆ ಒಂದು ಬಾಟಲಿ ಕೆಲಸ ಮಾಡಿದರೆ ಇನ್ನೊಂದು ಮಾಡುತ್ತಿರಲಿಲ್ಲ. ಎಷ್ಟು ಕೊಡಬೇಕೆಂಬ ಅಳತೆಯೇ ಇರಲಿಲ್ಲ.

ಆ ಅಳತೆ ಕೊಟ್ಟವರು ಎರ್ಲಿಕ್. 1896ರಲ್ಲಿ ಬರ್ಲಿನ್ ಹತ್ತಿರದ ಸ್ಟೆಗ್ಲಿಟ್ಸ್‌ನಲ್ಲಿ ಸೀರಮ್ ಪರೀಕ್ಷೆಗೆಂದೇ ಒಂದು ಸಂಸ್ಥೆ ತೆರೆದು ಅವರನ್ನು ಮುಖ್ಯಸ್ಥರನ್ನಾಗಿ ಮಾಡಲಾಯಿತು. ವಿಷ ದಿನ ಕಳೆದಂತೆ ಬಲ ಕಳೆದುಕೊಳ್ಳುತ್ತದೆ, ಹಾಗಾಗಿ ಅದನ್ನು ಅಳತೆಗೋಲು ಮಾಡಲಾಗದು ಎಂದು ಅವರು ಕಂಡುಕೊಂಡರು. ಬದಲಿಗೆ ಒಣಗಿಸಿದ ಸೀರಮ್ ಅನ್ನು ಗಾಳಿ, ಬೆಳಕು ತಾಗದಂತೆ ತಂಪಿನಲ್ಲಿಟ್ಟು, ಅದನ್ನೇ ಅಳತೆಗಲ್ಲು ಮಾಡಿ, 1897ರಲ್ಲಿ ವಿಧಾನವನ್ನು ಪ್ರಕಟಿಸಿದರು. ಇಂದು ಔಷಧಿ ಬಾಟಲಿಗಳ ಮೇಲೆ ಯೂನಿಟ್ ಎಂದು ಬರೆದಿರುತ್ತದಲ್ಲ, ಅದರ ಹಿಂದಿನ ಮುಖ್ಯ ಆಲೋಚನೆಗಳಲ್ಲಿ ಇದೂ ಒಂದು. ಸೀರಮ್ ವ್ಯಾಪಾರದಿಂದ ಬೇರಿಂಗ್ ಶ್ರೀಮಂತರಾದರು. ಎರ್ಲಿಕ್ ಪಾಲಿಗೆ ಅಂಥ ಲಾಭ ಬರಲಿಲ್ಲ, ಇಬ್ಬರ ಸ್ನೇಹವೂ ಹಳಸಿತು.

ಈ ಅಳತೆಯ ಕೆಲಸದಲ್ಲೇ ಒಂದು ವಿಚಿತ್ರ ಅವರ ಕಣ್ಣಿಗೆ ಬಿತ್ತು. ಹಳೆಯ ವಿಷ ಗಿನಿಪಿಗ್‌ಗಳನ್ನು ಕೊಲ್ಲುತ್ತಿರಲಿಲ್ಲ, ಆದರೆ ಸೀರಮ್ ಜೊತೆ ಮೊದಲಿನಂತೆಯೇ ಬೆಸೆದುಕೊಳ್ಳುತ್ತಿತ್ತು. ಹಾಗಾದರೆ ವಿಷದ ಅಣುವಿನಲ್ಲಿ ಎರಡು ಭಾಗಗಳಿರಬೇಕು. ಹಿಡಿದುಕೊಳ್ಳುವ ಭಾಗ ಒಂದು, ಕೊಲ್ಲುವ ಭಾಗ ಇನ್ನೊಂದು. ಕೊಲ್ಲುವ ಭಾಗ ಕೆಟ್ಟರೂ ಹಿಡಿಯುವ ಭಾಗ ಉಳಿದಿರಬಹುದು. ಇಂಥ ಹಲ್ಲು ಕಿತ್ತ ವಿಷಕ್ಕೆ ಅವರು ಟಾಕ್ಸಾಯ್ಡ್ ಎಂದು ಹೆಸರಿಟ್ಟರು. ಇಂದು ನಮ್ಮ ಮಕ್ಕಳಿಗೆ ಹಾಕಿಸುವ ಡಿಪಿಟಿ ಲಸಿಕೆಯಲ್ಲಿ ಡಿಫ್ತೀರಿಯಾ ಮತ್ತು ಧನುರ್ವಾಯುವಿನ ಭಾಗಗಳು ಟಾಕ್ಸಾಯ್ಡ್‌ಗಳೇ. ಲಸಿಕೆಯಲ್ಲಿ ವಿಷ ಚುಚ್ಚುತ್ತಾರೆ ಎಂದು ಹೆದರಿಸುವವರಿಗೆ ಇದೇ ಉತ್ತರ. ಅದರಲ್ಲಿರುವುದು ಕಚ್ಚಲಾರದ, ಆದರೆ ಪ್ರತಿಕಾಯಗಳಿಗೆ ಗುರುತು ಸಿಗುವ ವಿಷದ ಅಚ್ಚು.

ಕೋಶಕ್ಕೆ ಬಾಗಿಲುಗಳಿವೆ

ಈಗ ಬಣ್ಣದ ಪ್ರಶ್ನೆಯೂ ವಿಷದ ಪ್ರಶ್ನೆಯೂ ಒಂದಾದವು. ಎರ್ಲಿಕ್ ಹೀಗೆ ಯೋಚಿಸಿದರು. ಪ್ರತಿ ಕೋಶದ ಮೈಮೇಲೆ ಕೊಂಡಿಯಂಥ ಭಾಗಗಳಿವೆ. ಅವು ಇರುವುದು ಕೋಶಕ್ಕೆ ಬೇಕಾದ ಆಹಾರವನ್ನು ಹಿಡಿಯಲು. ದುರದೃಷ್ಟಕ್ಕೆ ಕೆಲವು ವಿಷಗಳ ಆಕಾರವೂ ಅದೇ ಕೊಂಡಿಗೆ ಹೊಂದುತ್ತದೆ. ಹೊಂದಿದರೆ ವಿಷ ತಾಗುತ್ತದೆ, ಹೊಂದದಿದ್ದರೆ ತಾಗುವುದಿಲ್ಲ. ಮೊದಲು ಈ ಕೊಂಡಿಗಳನ್ನು ಪಕ್ಕದ ಸರಪಳಿ ಎಂಬ ಅರ್ಥದ ಹೆಸರಿನಿಂದ ಕರೆದರು. 1900ರಲ್ಲಿ, ಸಹೋದ್ಯೋಗಿ ಮಾರ್ಗೆನ್‌ರೋತ್ ಜೊತೆ ಬರೆಯುವಾಗ, ರಿಸೆಪ್ಟರ್ ಎಂಬ ಪದ ಬಳಸಿದರು. ಕನ್ನಡದಲ್ಲಿ ಗ್ರಾಹಕ ಎನ್ನುತ್ತೇವೆ. ಅಂಗಡಿಯ ಗ್ರಾಹಕರಂತೆ ಇವೂ ತಮಗೆ ಬೇಕಾದ ಸರಕನ್ನು ಮಾತ್ರ ಕೊಳ್ಳುತ್ತವೆ.

ಆಗ ರಿಸೆಪ್ಟರ್ ಅನ್ನು ಯಾರೂ ಕಣ್ಣಿಂದ ಕಂಡಿರಲಿಲ್ಲ. ಇಂದು ನಮಗೆ ಅವುಗಳ ರಚನೆ ಗೊತ್ತು. ಡಿಫ್ತೀರಿಯಾದ ವಿಷ ಎರ್ಲಿಕ್ ಹೇಳಿದಂತೆಯೇ ಎರಡು ಭಾಗದ್ದು. ಅದರ ಒಂದು ಭಾಗ ಮನುಷ್ಯರ ಕೋಶದ ಮೇಲಿರುವ, ಬೆಳವಣಿಗೆಗೆ ಸಂಬಂಧಿಸಿದ ಒಂದು ಪ್ರೋಟೀನ್‌ಗೆ ಅಂಟಿಕೊಳ್ಳುತ್ತದೆ. ಆ ಜಾಗದಲ್ಲಿ ಕೋಶದ ಪೊರೆ ಒಳಗೆ ಗುಳಿ ಬೀಳುತ್ತದೆ, ಗುಳಿ ಪುಟ್ಟ ಚೀಲವಾಗಿ ಮುಚ್ಚಿಕೊಳ್ಳುತ್ತದೆ, ಚೀಲ ಕೋಶದೊಳಕ್ಕೆ ಸಾಗುತ್ತದೆ. ಚೀಲದೊಳಗೆ ಆಮ್ಲ ಹೆಚ್ಚಾಗುತ್ತಿದ್ದಂತೆ ವಿಷದ ಕೊಲ್ಲುವ ಭಾಗ ಹೊರಗೆ ನುಸುಳಿ, ಕೋಶ ಪ್ರೋಟೀನ್ ತಯಾರಿಸುವ ಕೆಲಸವನ್ನೇ ನಿಲ್ಲಿಸುತ್ತದೆ. ಅಂಥ ಒಂದೇ ಅಣು ಒಂದು ಕೋಶವನ್ನು ಕೊಲ್ಲಲು ಸಾಕು. ಇಲಿಯ ಕೋಶಗಳಲ್ಲಿ ಅದೇ ಪ್ರೋಟೀನಿನ ಆಕಾರ ಸ್ವಲ್ಪ ಬೇರೆ. ಹಾಗಾಗಿ ಇಲಿಗೆ ಈ ವಿಷ ಅಷ್ಟಾಗಿ ತಾಗುವುದೇ ಇಲ್ಲ. ಬಾಗಿಲು ಹೊಂದದಿದ್ದರೆ ಕಳ್ಳನಿಗೂ ಪ್ರವೇಶವಿಲ್ಲ.

ಗುಲಗಂಜಿಯ ಏಬ್ರಿನ್, ಹರಳಿನ ರೈಸಿನ್ ಕೂಡ ಇದೇ ತಂತ್ರದವು. ಕೋಶದ ಮೈಮೇಲಿನ ಒಂದು ಬಗೆಯ ಸಕ್ಕರೆಗೆ ಇವುಗಳ ಒಂದು ಭಾಗ ಅಂಟುತ್ತದೆ, ಕೋಶ ಅದನ್ನು ಒಳಗೆಳೆದುಕೊಳ್ಳುತ್ತದೆ, ಇನ್ನೊಂದು ಭಾಗ ಪ್ರೋಟೀನ್ ತಯಾರಿಸುವ ಯಂತ್ರಗಳಾದ ರೈಬೊಸೋಮ್‌ಗಳನ್ನು ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಎಂಬಂತೆ ಹಾಳುಮಾಡುತ್ತದೆ. ಅಂಥ ಸಕ್ಕರೆ ನಮ್ಮ ಬಹುತೇಕ ಎಲ್ಲ ಕೋಶಗಳ ಮೇಲೂ ಇರುವುದರಿಂದ ಯಾವ ಅಂಗವೂ ಸುರಕ್ಷಿತವಲ್ಲ.

ಇದೇ ಬಾಗಿಲಿನ ವ್ಯವಸ್ಥೆ ನಮ್ಮನ್ನು ಬದುಕಿಸುವುದೂ ಹೌದು. ರಕ್ತದಲ್ಲಿ ಕೊಲೆಸ್ಟ್ರಾಲ್ ಹೊತ್ತೊಯ್ಯುವ ಎಲ್‌ಡಿಎಲ್ ಎಂಬುದು ಕೊಬ್ಬು ಮತ್ತು ಪ್ರೋಟೀನ್ ಸೇರಿದ ಒಂದು ಉಂಡೆ. ಯಕೃತ್ತಿನ ಕೋಶಗಳು ರಿಸೆಪ್ಟರ್ ಮೂಲಕ ಅದನ್ನು ಹಿಡಿದು ನುಂಗುತ್ತವೆ. ಈ ರಿಸೆಪ್ಟರ್ ಇಲ್ಲದೆ ಹುಟ್ಟಿದ ಮಕ್ಕಳಿಗೆ ಸಣ್ಣ ವಯಸ್ಸಿನಲ್ಲೇ ಹೃದಯಾಘಾತವಾಗುತ್ತದೆ. ಇದನ್ನು ಬಿಡಿಸಿ ಹೇಳಿದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್‌ಗೆ 1985ರಲ್ಲಿ ನೊಬೆಲ್ ಬಂತು. ಇಂದು ಹಲವರು ನುಂಗುವ ಸ್ಟ್ಯಾಟಿನ್ ಮಾತ್ರೆ ಕೆಲಸ ಮಾಡುವುದೂ ಯಕೃತ್ತಿನಲ್ಲಿ ಈ ಬಾಗಿಲುಗಳ ಸಂಖ್ಯೆ ಹೆಚ್ಚುವಂತೆ ಮಾಡಿಯೇ.

ಇಬ್ಬರು ಎದುರಾಳಿಗಳು, ಒಂದೇ ನೊಬೆಲ್

ಎರ್ಲಿಕ್ ಹೇಳಿದ್ದೆಲ್ಲ ಸರಿಯಾಗಿತ್ತೇ? ಇಲ್ಲ. ವಿಷ ತಾಗಿದ ಕೋಶ ಕಳೆದುಕೊಂಡ ಕೊಂಡಿಗಳಿಗೆ ಬದಲಾಗಿ ಅಗತ್ಯಕ್ಕಿಂತ ಹೆಚ್ಚು ಬೆಳೆಸಿಕೊಳ್ಳುತ್ತದೆ, ಹೆಚ್ಚಾದವು ಕಳಚಿ ರಕ್ತದಲ್ಲಿ ತೇಲುತ್ತವೆ, ಅವೇ ಪ್ರತಿಕಾಯಗಳು ಎಂದು ಅವರು ಭಾವಿಸಿದ್ದರು. ಯಾವುದೋ ಕೋಶ ಪ್ರತಿಕಾಯ ತಯಾರಿಸುವುದಿಲ್ಲ, ಅದಕ್ಕೆಂದೇ ಬಿ ಕೋಶಗಳೆಂಬ ಬಿಳಿ ರಕ್ತಕಣಗಳಿವೆ ಎಂಬುದು ಬಹಳ ವರ್ಷಗಳ ನಂತರ ತಿಳಿಯಿತು. ಆದರೆ ಆ ಬಿ ಕೋಶದ ಮೈಮೇಲೆ ಅದರದೇ ಪ್ರತಿಕಾಯ ರಿಸೆಪ್ಟರ್ ಆಗಿ ಕೂತಿರುತ್ತದೆ, ಹೊಂದುವ ವಸ್ತು ಸಿಕ್ಕಾಗ ಆ ಕೋಶ ಬೆಳೆದು ಹೆಚ್ಚುತ್ತದೆ. ವಿವರ ತಪ್ಪಿದರೂ ದಾರಿ ಸರಿಯಾಗಿತ್ತು.

ಅವರ ದೊಡ್ಡ ಎದುರಾಳಿ ಬಣ ರಷ್ಯದ ಮೆಚ್ನಿಕಾಫ್ ಅವರದ್ದು. ರೋಗಾಣುವನ್ನು ನುಂಗುವ ಕೋಶಗಳೇ ನಮ್ಮನ್ನು ಕಾಯುವುದು ಎಂಬುದು ಅವರ ವಾದ. ರಕ್ತದ ಪ್ರತಿಕಾಯಗಳೇ ಮುಖ್ಯ ಎಂಬುದು ಎರ್ಲಿಕ್ ಕಡೆಯ ವಾದ. ಜಗಳ ವರ್ಷಗಟ್ಟಲೆ ನಡೆಯಿತು. 1908ರಲ್ಲಿ ನೊಬೆಲ್ ಸಮಿತಿ ಇಬ್ಬರಿಗೂ ಪ್ರಶಸ್ತಿಯನ್ನು ಹಂಚಿಬಿಟ್ಟಿತು.

ಇಬ್ಬರೂ ಸರಿ ಎಂದು ಇಂದು ಗೊತ್ತು. ಪ್ರತಿಕಾಯ ವಿಷವನ್ನು ಹಿಡಿದಾಗ ಎರಡೂ ಸೇರಿ ಒಂದು ಗಂಟಾಗುತ್ತದೆ. ಆ ಗಂಟಿನಿಂದ ಪ್ರತಿಕಾಯದ ಬಾಲ ಹೊರಗೆ ಚಾಚಿರುತ್ತದೆ. ಮೆಚ್ನಿಕಾಫ್ ಕಂಡ ನುಂಗುವ ಕೋಶಗಳ ಮೈಮೇಲೆ ಆ ಬಾಲವನ್ನೇ ಹಿಡಿಯುವ ರಿಸೆಪ್ಟರ್‌ಗಳಿವೆ. ಗಂಟನ್ನು ಹಿಡಿದು, ಒಳಗೆಳೆದು, ಆಮ್ಲ ಮತ್ತು ಕಿಣ್ವಗಳ ಚೀಲದಲ್ಲಿ ಚೂರು ಮಾಡುತ್ತವೆ. ಒಬ್ಬರ ಪ್ರತಿಕಾಯ, ಇನ್ನೊಬ್ಬರ ನುಂಗುವ ಕೋಶ, ನಡುವೆ ರಿಸೆಪ್ಟರ್ ಎಂಬ ಕೈಕುಲುಕು.

ಮಾಂತ್ರಿಕ ಗುಂಡು

1899ರಲ್ಲಿ ಎರ್ಲಿಕ್ ಫ್ರಾಂಕ್‌ಫರ್ಟ್‌ಗೆ ಹೋದರು. ಕಂಕುಳಲ್ಲಿ ಸಿಗಾರ್ ಪೆಟ್ಟಿಗೆ ಇಟ್ಟುಕೊಂಡು ಓಡಾಡುವ, ದಿನಕ್ಕೆ ಇಪ್ಪತ್ತಕ್ಕೂ ಹೆಚ್ಚು ಸಿಗಾರ್ ಸೇದುವ, ಬಣ್ಣಬಣ್ಣದ ಚೀಟಿಗಳಲ್ಲಿ ಸಹಾಯಕರಿಗೆ ಆ ದಿನದ ಕೆಲಸ ಬರೆದುಕೊಡುವ ಮೇಷ್ಟ್ರಾಗಿ ಅವರು ಅಲ್ಲಿ ಹೆಸರಾದರು. ಅವರ ಹೊಸ ಕನಸು ಇದು. ರೋಗಾಣುವಿನಲ್ಲಿರುವ, ಮನುಷ್ಯರಲ್ಲಿಲ್ಲದ ಹಿಡಿಕೆಯೊಂದನ್ನು ಹುಡುಕಿ, ಅದಕ್ಕೆ ಮಾತ್ರ ಅಂಟುವ ಔಷಧಿ ಮಾಡಿದರೆ ರೋಗಾಣು ಸಾಯಬೇಕು, ರೋಗಿ ಉಳಿಯಬೇಕು. ಈ ಕನಸಿಗೆ ಮಾಂತ್ರಿಕ ಗುಂಡು ಎಂಬ ಹೆಸರು ನಿಂತಿತು.

ಅವರ ತಂಡ ಆರ್ಸೆನಿಕ್ ಇರುವ ನೂರಾರು ಸಂಯುಕ್ತಗಳನ್ನು ಮಾಡಿ ಒಂದೊಂದಾಗಿ ಪರೀಕ್ಷಿಸಿತು. 606ನೆಯ ಸಂಖ್ಯೆಯದನ್ನು ಮೊದಲು ಉಪಯೋಗವಿಲ್ಲವೆಂದು ಬದಿಗಿಟ್ಟಿದ್ದರು. 1909ರಲ್ಲಿ ಜಪಾನಿನಿಂದ ಬಂದ ಸಹಾಚಿರೊ ಹಾತಾ ಎಲ್ಲವನ್ನೂ ಮತ್ತೆ ಪರೀಕ್ಷಿಸಿದಾಗ ಅದು ಸಿಫಿಲಿಸ್ ತಗುಲಿದ ಮೊಲಗಳನ್ನು ಗುಣಪಡಿಸಿತು. 1910ರಲ್ಲಿ ಸಾಲ್ವರ್ಸಾನ್ ಎಂಬ ಹೆಸರಿನಲ್ಲಿ ಅದು ಮಾರುಕಟ್ಟೆಗೆ ಬಂತು. ಅದಕ್ಕೂ ಮೊದಲು ಸುಮಾರು 65,000 ಡೋಸ್‌ಗಳನ್ನು ವೈದ್ಯರಿಗೆ ಉಚಿತವಾಗಿ ಕೊಟ್ಟು ಫಲಿತಾಂಶ ತರಿಸಿಕೊಂಡಿದ್ದರು.

ಆ ಔಷಧಿ ದೋಷವಿಲ್ಲದ್ದೇನೂ ಆಗಿರಲಿಲ್ಲ. ಗಾಳಿ ತಾಗಿದರೆ ಕೆಡುತ್ತಿತ್ತು, ಚುಚ್ಚುವುದು ಕಷ್ಟ, ಅಡ್ಡಪರಿಣಾಮಗಳಿದ್ದವು, ಸಾವುಗಳೂ ಆದವು. ಎರ್ಲಿಕ್ ವರದಿಗಳನ್ನು ಓದಿ, ವಿಧಾನ ತಿದ್ದಿ, 1912ರಲ್ಲಿ ಬಳಸಲು ಸುಲಭವಾದ ನಿಯೋಸಾಲ್ವರ್ಸಾನ್ ತಂದರು. ಜೊತೆಗೆ ವದಂತಿಗಳೂ ಹಬ್ಬಿದವು. ಹಣಕ್ಕಾಗಿ ಜನರನ್ನು ಬಲಿಕೊಡುತ್ತಿದ್ದಾರೆ ಎಂಬ ಮಾತು ಪತ್ರಿಕೆಯಲ್ಲಿ ಬಂತು, ಪ್ರಕರಣ 1914ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿತು, ಕೊನೆಗೆ ಶಿಕ್ಷೆಯಾದದ್ದು ಆರೋಪ ಮಾಡಿದವರಿಗೆ. ವಾಟ್ಸ್‌ಆ್ಯಪ್ ಇಲ್ಲದ ಕಾಲದಲ್ಲೂ ಫಾರ್ವರ್ಡ್‌ಗಳಿದ್ದವು.

ಅದೇ ವರ್ಷ ಮೊದಲ ಮಹಾಯುದ್ಧ ಶುರುವಾಯಿತು. ಜರ್ಮನ್ ಸೇನೆಯ ನಡೆಯನ್ನು ಸಮರ್ಥಿಸಿ 93 ಜನ ಗಣ್ಯರು ಹೊರಡಿಸಿದ ಹೇಳಿಕೆಗೆ ಎರ್ಲಿಕ್ ಕೂಡ ಸಹಿ ಹಾಕಿದರು. ಪ್ರತಿಯೊಂದನ್ನೂ ಪರೀಕ್ಷಿಸಿ ನೋಡುತ್ತಿದ್ದವರು ಅಲ್ಲಿ ಪರೀಕ್ಷಿಸದೆ ನಂಬಿದರು ಎನ್ನಬೇಕು. ಆ ವರ್ಷದ ಕೊನೆಗೆ ಅವರ ಆರೋಗ್ಯ ಕುಸಿಯಿತು. 1915ರ ಆಗಸ್ಟ್ 20ರಂದು ಬಾಡ್ ಹೊಂಬುರ್ಗ್‌ನಲ್ಲಿ ತೀರಿಕೊಂಡರು. ಆಗ ಅವರಿಗೆ 61 ವರ್ಷ. ಮುಂದೆ ನಾಜಿಗಳ ಕಾಲದಲ್ಲಿ ಯಹೂದಿ ಎಂಬ ಒಂದೇ ಕಾರಣಕ್ಕೆ ಬೀದಿಯ ಫಲಕದಿಂದ ಅವರ ಹೆಸರನ್ನು ಅಳಿಸಲಾಯಿತು. ಮುದಿ ವಯಸ್ಸಿನಲ್ಲಿ ಹೆಡ್ವಿಗ್ ದೇಶ ಬಿಟ್ಟು ಹೋಗಬೇಕಾಯಿತು. ಯುದ್ಧದ ನಂತರ ಹೆಸರು ಮರಳಿ ಬಂತು, ಜರ್ಮನಿಯ 200 ಮಾರ್ಕ್ ನೋಟಿನ ಮೇಲೆ ಅವರ ಚಿತ್ರವೂ ಬಂತು.

ಅವರ ಮಾಂತ್ರಿಕ ಗುಂಡಿನ ಕನಸು ಈಗ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಕೈಗೆ ಹತ್ತಿರ ಬಂದಿದೆ. ಕೆಲವು ಸ್ತನ ಕ್ಯಾನ್ಸರ್‌ಗಳಲ್ಲಿ ಕೋಶದ ಮೇಲೆ ಹರ್2 ಎಂಬ ರಿಸೆಪ್ಟರ್ ವಿಪರೀತ ಇರುತ್ತದೆ. ಅದಕ್ಕೆ ಅಂಟುವ ಪ್ರತಿಕಾಯದ ಬೆನ್ನಿಗೆ ಔಷಧಿಯನ್ನು ಕಟ್ಟಿ ಕಳಿಸುತ್ತಾರೆ. ಕೋಶ ಅದನ್ನು ತಾನಾಗಿ ಒಳಗೆಳೆದುಕೊಂಡು, ತನ್ನ ಸಾವನ್ನು ತಾನೇ ತಂದುಕೊಳ್ಳುತ್ತದೆ. ಗುಲಗಂಜಿಯ ತಂತ್ರವನ್ನೇ ನಾವು ರೋಗದ ಮೇಲೆ ತಿರುಗಿಸಿದ್ದೇವೆ.

ಹಾಗಾದರೆ ನಾವೇನು ಮಾಡಬೇಕು?

ಒಂದು. ಗುಲಗಂಜಿಯನ್ನಾಗಲಿ ಹರಳು ಬೀಜವನ್ನಾಗಲಿ ಎಷ್ಟೇ ಸಣ್ಣ ಪ್ರಮಾಣದಲ್ಲೂ ಮನೆಮದ್ದೆಂದು ತಿನ್ನಬೇಡಿ. ಎರ್ಲಿಕ್ ಶುದ್ಧ ಮಾಡಿದ ವಿಷವನ್ನು ತೂಕ ಮಾಡಿ ಕೊಡುತ್ತಿದ್ದರು. ಬೀಜದಿಂದ ಬೀಜಕ್ಕೆ ವಿಷದ ಪ್ರಮಾಣ ಬೇರೆ ಇರುತ್ತದೆ. ಗುಲಗಂಜಿಯ ಸಿಪ್ಪೆ ಗಟ್ಟಿ, ಹಾಗಾಗಿ ಇಡಿಯಾಗಿ ನುಂಗಿದ್ದು ಕೆಲವೊಮ್ಮೆ ಹಾಗೆಯೇ ಹೊರಗೆ ಹೋಗುತ್ತದೆ. ಅಗಿದರೆ, ಪುಡಿ ಮಾಡಿದರೆ ವಿಷ ಹೊರಬರುತ್ತದೆ. ಹರಳೆಣ್ಣೆಗೆ ಈ ಭಯವಿಲ್ಲ, ಯಾಕೆಂದರೆ ರೈಸಿನ್ ಎಣ್ಣೆಯಲ್ಲಿ ಕರಗುವುದಿಲ್ಲ. ಮಗು ಬೀಜ ಬಾಯಿಗೆ ಹಾಕಿಕೊಂಡಿದ್ದರೆ ಲಕ್ಷಣ ಕಾಣಲಿ ಎಂದು ಕಾಯಬೇಡಿ. ವಾಂತಿ ಭೇದಿ ಶುರುವಾಗುವುದು ಗಂಟೆಗಳ ನಂತರ, ಆ ಹೊತ್ತಿಗೆ ವಿಷ ಕೋಶದೊಳಗೆ ಸೇರಿರುತ್ತದೆ. ಇವೆರಡಕ್ಕೂ ಆಸ್ಪತ್ರೆಗಳಲ್ಲಿ ನಿರ್ದಿಷ್ಟ ಪ್ರತಿವಿಷ ಸಿಗುವುದಿಲ್ಲ. ಉಳಿದ ಬೀಜವನ್ನು ಕೈಯಲ್ಲಿ ಹಿಡಿದು ತಕ್ಷಣ ಆಸ್ಪತ್ರೆಗೆ ಓಡಿ.

ಎರಡು. ಪ್ರತಿವಿಷ ರಕ್ತದಲ್ಲಿ ತೇಲುತ್ತಿರುವ ವಿಷವನ್ನು ಮಾತ್ರ ಹಿಡಿಯಬಲ್ಲದು. ಕೋಶದ ಬಾಗಿಲು ದಾಟಿ ಒಳಹೋದದ್ದನ್ನು ಎಳೆದು ತರಲಾರದು. ಗಂಟಲಲ್ಲಿ ಬೂದು ಪೊರೆ, ಜ್ವರ, ಕತ್ತಿನ ಊತ ಕಂಡರೆ ಕಷಾಯ ಕುಡಿಸುತ್ತಾ ದಿನ ಕಳೆಯಬಾರದು ಎನ್ನುವುದು ಇದಕ್ಕೇ. ಹಾವು ಕಚ್ಚಿದಾಗಲೂ ನಾಟಿ ಮದ್ದಿಗೆ ಅಲೆಯದೆ ನೇರ ಆಸ್ಪತ್ರೆಗೆ ಹೋಗಿ ಎನ್ನುವುದೂ ಇದಕ್ಕೇ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ನಮ್ಮಲ್ಲಿ ಕೊಡುವ ಪ್ರತಿವಿಷ ಕೂಡ ಕುದುರೆಯ ರಕ್ತದಿಂದ ಬಂದದ್ದೇ. ಇಲ್ಲಿ ಪ್ರತಿ ಗಂಟೆಗೂ ಬೆಲೆಯಿದೆ.

ಮೂರು. ಮಕ್ಕಳಿಗೆ 6, 10, 14ನೆಯ ವಾರಗಳಲ್ಲಿ ಪೆಂಟಾವೇಲೆಂಟ್, 16ರಿಂದ 24 ತಿಂಗಳ ನಡುವೆ ಮತ್ತು 5ರಿಂದ 6 ವರ್ಷಕ್ಕೆ ಡಿಪಿಟಿ, 10 ಮತ್ತು 16 ವರ್ಷಕ್ಕೆ ಟಿಡಿ ಹಾಕಿಸಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ವಿಷ ಬರುವ ಮೊದಲೇ ರಕ್ತದಲ್ಲಿ ಪ್ರತಿಕಾಯ ಕಾಯುತ್ತಿದ್ದರೆ ಬಾಗಿಲವರೆಗೂ ವಿಷ ಹೋಗುವುದೇ ಇಲ್ಲ. ದಿನಾ ಚೂರು ವಿಷ ತಿಂದು ಚಂದ್ರಗುಪ್ತ ಪಡೆದನೆಂಬ ರಕ್ಷಣೆ, ಹಲ್ಲು ಕಿತ್ತ ವಿಷದ ರೂಪದಲ್ಲಿ, ನಮ್ಮ ಮಕ್ಕಳಿಗೆ ಅಂಗನವಾಡಿಯಲ್ಲೇ ಸಿಗುತ್ತಿದೆ.

ಮುಂದಿನ ಸಲ ಇಡೀ ದೇಹವನ್ನು ಶುದ್ಧ ಮಾಡುತ್ತದೆ, ಎಲ್ಲ ವಿಷವನ್ನೂ ಹೊರಹಾಕುತ್ತದೆ ಎಂಬ ಮೆಸೇಜ್ ಬಂದರೆ ಎರ್ಲಿಕ್ ಕೇಳಿದ ಪ್ರಶ್ನೆಯನ್ನೇ ಕೇಳಿ. ಅದು ಹೋಗಿ ಅಂಟುವುದು ಎಲ್ಲಿಗೆ? ಉತ್ತರವಿಲ್ಲದಿದ್ದರೆ ಫಾರ್ವರ್ಡ್ ಬಟನ್ ಒತ್ತಬೇಡಿ.